ರಾಮಿಲ್ ಅಂಕಲ್ ಮತ್ತು ಶುಕ್ರವಾರದ ಹೊಗೆ

ಸೋಯಾ ಸಾಸು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಕರಗಿಸಿದ ಬೆಲ್ಲ, ಲಿಂಬೆರಸ, ಕೊನೆಗೊಂದು ಚಮಚ ಎಳ್ಳೆಣ್ಣೆ. ಇಷ್ಟನ್ನೂ ಕಲಸಿ ದನದ ಪಕ್ಕೆಲುಬುಗಳಿಗೆ ಬೆರಳಿನಿಂದ ತಿಕ್ಕಿದ ಮೇಲೆ ಎಷ್ಟು ಸೋಪು ಹಾಕಿ ತೊಳೆದರೂ ಕೈಯ ವಾಸನೆ ಮಾರನೆಯ ದಿನದವರೆಗೆ ಹೋಗುವುದಿಲ್ಲ. ಒಮಾನಿನ ಅಲ್ ಅಮೇರಾತ್‌ನ ನಮ್ಮ ಬಾಡಿಗೆ ಮನೆಯ ಹಿಂದೆ, ನನ್ನ ಗಂಡ ಅಂಗಡಿಯಿಂದ ತಂದಿಟ್ಟ ಹೊಗೆಪೆಟ್ಟಿಗೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಮಾಂಸ ಹೊಗೆಯಾಡುತ್ತದೆ. ಗೆಳೆಯರು ಬರುತ್ತಾರೆ, ಮೂಳೆ ಚೀಪುತ್ತ ಯಾರಿಂದ ಕಲಿತೆ ಎಂದು ಕೇಳುತ್ತಾರೆ. ಪಪ್ಪನಿಂದ ಎನ್ನುತ್ತೇನೆ. ಅದು ಅರ್ಧ ಮಾತ್ರ ನಿಜ. ಕೈ ಮೂಗಿನ ಹತ್ತಿರ ಬಂದಾಗಲೆಲ್ಲ ನಾನು ಬೆಳೆದ ಸೂರ್ ಪಟ್ಟಣದ ಮನೆ ಎದುರು ಬಂದು ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಅದು ಬಂದ ಕೂಡಲೇ ಒಂದು ಮನೆಯ ಬಾಗಿಲು ತೆರೆಯುತ್ತದೆ, ಆದರೆ ಒಳಗೆ ಹೋಗಲು ನಿಮಗೆ ಮುಖವಿರುವುದಿಲ್ಲ.

ಸೂರಿನಲ್ಲಿ ನಾವಿದ್ದದ್ದು ಎರಡಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಮನೆಯಲ್ಲಿ. ಪಪ್ಪ ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಶಿಯನ್, ಮಮ್ಮಿ ಕ್ಲಿನಿಕ್ಕಿನಲ್ಲಿ ನರ್ಸ್. ಇಬ್ಬರೂ ಉಡುಪಿ ಕಡೆಯವರು. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ಆ ಊರಿನಲ್ಲಿ ಇಗರ್ಜಿ ಇರಲಿಲ್ಲ. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಮೂವರೂ ಕುಳಿತು ಜಪಮಾಲೆ ಮುಗಿಸಿದರೆ ಉಳಿದ ದಿನವೆಲ್ಲ ಖಾಲಿ. ಆ ಖಾಲಿ ದಿನವನ್ನು ತುಂಬಿದವರು ರಾಮಿಲ್ ಅಂಕಲ್. ಫಿಲಿಪೀನ್ಸಿನವರು, ಪ್ಲಾಂಟಿನಲ್ಲಿ ವೆಲ್ಡರ್, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕಂಪನಿಯ ಕಾರ್ಮಿಕರ ಕ್ಯಾಂಪಿನಲ್ಲಿದ್ದವರು. ಒಂದು ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕೀಲು ಕೂಡಿಸಿ, ಒಳಗೆ ಜಾಲರಿಯಿಟ್ಟು, ಮೇಲೊಂದು ಹೊಗೆಕೊಳವೆ ಬೆಸೆದು ನಮ್ಮ ಹಿಂದಿನ ಅಂಗಳದಲ್ಲಿ ನಿಲ್ಲಿಸಿದರು. ಅವರ ಊರಿನ ಪುಟ್ಟ ಹಸಿರು ಲಿಂಬೆ ಇಲ್ಲಿ ಸಿಗುತ್ತಿರಲಿಲ್ಲ, ಒಮಾನಿ ಲಿಂಬೆ ಹಿಂಡಿದರು. ಸಕ್ಕರೆಯ ಬದಲು ಮಮ್ಮಿ ಊರಿನಿಂದ ತಂದ ಬೆಲ್ಲ ಕೊಟ್ಟಳು. ಗುರುವಾರ ಸಂಜೆಯೇ ಮಸಾಲೆ ಹಿಡಿದು ಮಲಗಿದ ಪಕ್ಕೆಲುಬುಗಳು ಶುಕ್ರವಾರ ಬೆಳಿಗ್ಗೆ ಡ್ರಮ್ಮಿಗೆ ಹೋದರೆ ಹೊರಗೆ ಬರುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯ ಜಾಲಿ ಮರದ ಕಟ್ಟಿಗೆ ಉರಿಯಬಾರದು, ಬರೀ ಹೊಗೆಯಾಡಬೇಕು. ಗಂಟೆಗೊಮ್ಮೆ ಮುಚ್ಚಳ ತೆರೆದು, ಉಳಿದ ಮಸಾಲೆಯನ್ನು ಕುದಿಸಿ ಗಟ್ಟಿ ಮಾಡಿದ ರಸವನ್ನು ಬ್ರಶ್ಶಿನಿಂದ ಬಳಿಯುವಾಗ ಕೆಂಡದ ಮೇಲೆ ಬಿದ್ದ ಹನಿ ಚುಂಯ್ ಎನ್ನುತ್ತಿತ್ತು. ಮಾಂಸ ಮೊದಲು ಬೂದು, ಆಮೇಲೆ ಕಂದು, ಕೊನೆಗೆ ಹೊಸ ಬೂಟಿನ ಹಾಗೆ ಮಿರಿಮಿರಿ ಕಪ್ಪು. ತುದಿಯ ಮೂಳೆ ಯಾವಾಗಲೂ ನನಗೆ. "ಲಿಟಲ್ ಮೇಡಂ, ಟೆಸ್ಟಿಂಗ್" ಎಂದು ಅದನ್ನು ತಟ್ಟೆಗೆ ಹಾಕಿ, ನಾನು ಕಚ್ಚಿ ತಲೆ ಅಲ್ಲಾಡಿಸುವವರೆಗೂ ಅಂಕಲ್ ತಾವು ತಿನ್ನುತ್ತಿರಲಿಲ್ಲ. ಪಪ್ಪ ಅಷ್ಟು ನಗುತ್ತಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಉಪವಾಸದ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ; ಆಗಲೂ ಅಂಕಲ್ ಬಂದು ಖಾಲಿ ಡ್ರಮ್ಮಿನ ಪಕ್ಕ ಕುಳಿತು ಪಪ್ಪನೊಡನೆ ಹರಟಿ ಹೋಗುತ್ತಿದ್ದರು.

ಮೇಲಿನ ಮನೆಯಲ್ಲಿ ಸುಮಂಗಲಾ ಆಂಟಿ. ಹುಬ್ಬಳ್ಳಿಯವರು, ಗಂಡ ಅದೇ ಪ್ಲಾಂಟಿನಲ್ಲಿ ಇಂಜಿನಿಯರ್, ಮಗ ಧಾರವಾಡದ ಹಾಸ್ಟೆಲಿನಲ್ಲಿ. ಪಪ್ಪ ಮಮ್ಮಿ ಇಬ್ಬರೂ ಡ್ಯೂಟಿಯಲ್ಲಿರುವ ಮಧ್ಯಾಹ್ನಗಳಲ್ಲಿ ನಾನು ಸ್ಕೂಲ್ ಬಸ್ಸಿನಿಂದಿಳಿದು ನೇರ ಹತ್ತುತ್ತಿದ್ದದ್ದು ಅವರ ಮೆಟ್ಟಿಲು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಮೊಸರು. ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದರು. ಅಲ್ಲಿಯ ತಂಪು ನೆಲದ ಮೇಲೆ ಬೋರಲು ಮಲಗಿ ಹೋಂವರ್ಕ್ ಮಾಡುತ್ತ, ಇದೇ ನನ್ನ ಮನೆಯಾಗಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ಮಾಂಸ ಮುಟ್ಟದವರು ಎಂದು ನನಗೆ ಗೊತ್ತಿತ್ತು. ನಮ್ಮ ಡ್ರಮ್ಮಿನೊಳಗೆ ಇರುವುದೇನೆಂದು ಅವರಿಗೆ ಗೊತ್ತಾಗದಿರಲಿ ಎಂದು ಶುಕ್ರವಾರಗಳಂದು ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಶನಿವಾರ ಹೋಗುವ ಮೊದಲು ಎರಡು ಸಲ ತಲೆಸ್ನಾನ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅವರು ರೊಟ್ಟಿ ತಟ್ಟುತ್ತಿದ್ದರು. ಹಿಂದೆ ತಿರುಗದೆ, ಸುಮ್ಮನೆ ಮಾತಿಗೆಂಬಂತೆ ಕೇಳಿದರು. "ಶುಕ್ರವಾರ ಒಣಗಾಕ ಹಾಕಿದ್ದ ಅರಿವಿ ಎಲ್ಲಾ ಹೊಗಿ ವಾಸನಿ ಹಿಡದಾವ ನೋಡವಾ. ಅಷ್ಟೊತ್ತು ಏನ್ ಸುಡ್ತಾರ ನಿಮ್ಮಪ್ಪಾರು?"

ನನಗಾಗ ಹತ್ತು ವರ್ಷ. ತಟ್ಟೆಯಲ್ಲಿದ್ದ ರೊಟ್ಟಿ, ಬೆನ್ನ ಮೇಲಿದ್ದ ಎರಡು ಜಡೆ, ಆ ತಂಪು ನೆಲ ಎಲ್ಲವನ್ನೂ ಯಾರೋ ಕಿತ್ತುಕೊಳ್ಳಲು ಬಂದಂತಾಯಿತು. "ಅದು ನಮ್ಮದಲ್ಲ ಆಂಟಿ" ಎಂದೆ. "ಬೀಫ್. ಆ ರಾಮಿಲ್ ಅಂಕಲ್ ತರುವುದು. ನಾವು ತಿನ್ನುವುದಿಲ್ಲ. ಪಪ್ಪನಿಗೆ ಅವರು ಬರುವುದೇ ಇಷ್ಟ ಇಲ್ಲ, ಬೇಡ ಅಂದ್ರೂ ಕೇಳುವುದಿಲ್ಲ." ಯಾರೂ ಕೇಳದಿದ್ದರೂ ಇನ್ನೂ ಒಂದು ಸೇರಿಸಿದೆ. "ಗಟ್ಟಿಯಾಗಿ ಹೇಳಲಿಕ್ಕೆ ಪಪ್ಪನಿಗೆ ಹೆದರಿಕೆ." ಆಂಟಿಯ ಕೈ ಒಂದು ಗಳಿಗೆ ನಿಂತು ಮತ್ತೆ ತಟ್ಟತೊಡಗಿತು. ಅವರು ನನಗೆ ಇನ್ನೊಂದು ರೊಟ್ಟಿ ಹಾಕಿದರು. ನಾನು ತಿಂದೆ.

ಮುಂದಿನ ಶುಕ್ರವಾರ ಆಂಟಿ ಸೆರಗು ಹೊದ್ದು ಅಂಗಳಕ್ಕೆ ಇಳಿದು ಬಂದರು. ಅಂಕಲ್ ಬ್ರಶ್ಶು ಹಿಡಿದು ಡ್ರಮ್ಮಿನ ಮುಂದೆ ನಿಂತಿದ್ದರು. ಆಂಟಿ ಅವರತ್ತ ನೋಡದೆ ಪಪ್ಪನೊಡನೆ ಮೆಲ್ಲಗೆ ಕನ್ನಡದಲ್ಲಿ ಮಾತಾಡಿದರು. "ಮಗಳು ಎಲ್ಲಾ ಹೇಳ್ಯಾಳ್ರಿ. ನಿಮಗ ಮನಸಿಲ್ಲಂದ್ರೂ ಇವರು ಬಂದು ಮಾಡ್ತಾರಂತ. ನಿಮಗ ಹೇಳಾಕ ಸಂಕೋಚ ಆದ್ರ ನಮ್ಮನಿಯವರು ಹೇಳ್ತಾರ, ಕೆಲಸದಾಗ ಇವರು ಅವರ ಕೈಕೆಳಗ ಅದಾರಲ್ಲ."

ಪಪ್ಪ ನನ್ನತ್ತ ನೋಡಿದರು. ನಾನು ಸಿಮೆಂಟು ನೆಲವನ್ನು ನೋಡಿದೆ. ಅಂಗಳದಲ್ಲಿ ಹೊಗೆ ಸುತ್ತುತ್ತಲೇ ಇತ್ತು. ಪಪ್ಪ ಇಲ್ಲ ಎಂದರೆ ನಾನು ಸುಳ್ಳಿ; ಹೌದು ಎಂದರೆ ಗೆಳೆಯ ಹೋದ. ಅಷ್ಟು ಲೆಕ್ಕ ನನಗೂ ತಿಳಿಯುತ್ತಿತ್ತು. ಪಪ್ಪ, "ಹೌದಕ್ಕ. ನಾನೇ ಹೇಳ್ತೇನೆ, ನೀವು ಹೋಗಿ" ಎಂದರು.

"ಎನಿ ಪ್ರಾಬ್ಲಂ, ಬ್ರದರ್?" ಅಂಕಲ್ ಕೇಳಿದರು.

"ನೋ, ನೋ." ಪಪ್ಪ ಅವರ ಮುಖ ನೋಡಲಿಲ್ಲ. "ಟುಡೇ ಲಾಸ್ಟ್. ಖಲಾಸ್."

ಆ ಒಂದು ಪದ ಒಮಾನಿನಲ್ಲಿ ಯಾರಿಗೆ ಅರ್ಥವಾಗುವುದಿಲ್ಲ? ಅಂಕಲ್ ಬ್ರಶ್ಶನ್ನು ಬಟ್ಟಲಿನ ಅಂಚಿಗೆ ಒರಸಿ ಇಟ್ಟರು. ಆದರೂ ಹೊರಡಲಿಲ್ಲ. ಮಾಂಸ ಬೇಯುವವರೆಗೂ ಕಾದು, ತೆಗೆದು, ಕತ್ತರಿಸಿ, ತುದಿಯ ಮೂಳೆಯನ್ನು ನನ್ನ ತಟ್ಟೆಗೆ ಹಾಕಿದರು. "ಟೆಸ್ಟಿಂಗ್" ಎನ್ನಲಿಲ್ಲ. ತಾವು ಒಂದು ತುಂಡನ್ನೂ ತಿನ್ನದೆ, ಮಮ್ಮಿಗೆ ಥ್ಯಾಂಕ್ಯೂ ಹೇಳಿ ಹೋದರು. ಅವತ್ತು ಪಪ್ಪ ನನ್ನನ್ನು ಬೈಯಲಿಲ್ಲ, ಏಕೆ ಹಾಗೆ ಹೇಳಿದೆ ಎಂದೂ ಕೇಳಲಿಲ್ಲ. ಆಮೇಲೆ ಆ ಡ್ರಮ್ಮಿಗೆ ಕೆಂಡ ಬೀಳಲಿಲ್ಲ. ಒಂದು ದಿನ ಗುಜರಿಯ ಪಿಕಪ್ಪಿನಲ್ಲಿ ಹೋಯಿತು. ಯಾವ ಮನೆಯನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದೆನೋ ಅದೂ ನನಗೆ ಉಳಿಯಲಿಲ್ಲ. ಆಂಟಿಯ ಮುಖ ನೋಡಲಾಗದೆ, ನಾನಿನ್ನು ದೊಡ್ಡವಳು ಎಂದು ಹಟ ಮಾಡಿ ಬೀಗದ ಕೈ ಇಸಿದುಕೊಂಡು ಮಧ್ಯಾಹ್ನಗಳಲ್ಲಿ ಒಬ್ಬಳೇ ಕೆಳಗೆ ಇರತೊಡಗಿದೆ. ರಾಮಿಲ್ ಅಂಕಲ್ ದೂರದ ದುಕ್ಮ್ ಎಂಬ ಊರಿಗೆ ವರ್ಗವಾಗಿ ಹೋದರು.

ನನ್ನ ಮದುವೆಗೆ ಆಂಟಿ ಹುಬ್ಬಳ್ಳಿಯಿಂದ ಉಡುಪಿಗೆ ಬಂದಿದ್ದರು. ಕೈ ಹಿಡಿದುಕೊಂಡು ಹಳೆಯದನ್ನೆಲ್ಲ ನೆನೆಯುತ್ತ ಹೇಳಿದರು. "ನಮಗೇನು ತ್ರಾಸ ಇರಲಿಲ್ಲವಾ. ನೀವು ತಿನ್ನೋದು ನಮಗ ಗೊತ್ತ ಇತ್ತು, ಕಿಡಕಿ ಹಾಕ್ಕೊಂಡ್ರ ಮುಗೀತು. ನಿಮ್ಮಪ್ಪಾರು ಹೆದರ್ತಾರಂತ ನೀ ಅಂದಿ, ಅದಕ್ಕ ಪಾಪ ಅನಿಸಿ ಇಳದು ಬಂದೆ." ಅವರು ನಗುತ್ತಿದ್ದರು. ಮದುಮಗಳ ಸೀರೆಯಲ್ಲಿ ನಿಂತಿದ್ದ ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಅಷ್ಟು ವರ್ಷ ಹೆದರಿದ ಮಗುವಿನ ಸುಳ್ಳು ಎಂದು ನನಗೆ ನಾನೇ ಮಾಫಿ ಕೊಟ್ಟುಕೊಂಡಿದ್ದೆ. ಹೆದರುವಂಥದ್ದು ಅಲ್ಲಿ ಏನೂ ಇರಲೇ ಇಲ್ಲ.

ಕೆಲಸ ಮುಗಿಸಿ ಊರು ಸೇರಿದ್ದ ಪಪ್ಪ ಕೊನೆಯ ಸಲ ವಿಸಿಟ್ ವೀಸಾದಲ್ಲಿ ನಮ್ಮ ಮನೆಗೆ ಬಂದಾಗ ಪಕ್ಕೆಲುಬು ಹೊಗೆಗಿಟ್ಟಿದ್ದೆ. ಹಲ್ಲು ಹೋಗಿತ್ತು, ಎಳೆ ಎಳೆಯಾಗಿ ಬಿಡಿಸಿ ಕೊಟ್ಟೆ. ಒಂದು ತುತ್ತು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಆಗ ನಾನು ಹೇಳಿದೆ. ಅವತ್ತು ಆಂಟಿಗೆ ಸುಳ್ಳು ಹೇಳಿದ್ದು ನಾನು, ತಪ್ಪು ನನ್ನದು ಎಂದೆ.

"ನಿನಗಾಗ ಹತ್ತು ವರ್ಷ, ಬಾಯೆ" ಎಂದರು ಪಪ್ಪ, ಕೊಂಕಣಿಯಲ್ಲಿ ಮಗಳನ್ನು ಕರೆಯುವಂತೆ. "ನನಗೆ ನಲವತ್ತೆರಡು." ತಟ್ಟೆಯ ಎಳೆಗಳನ್ನು ಬೆರಳಿನಿಂದ ಸರಿಸುತ್ತ ಅಂದರು. "ರಾಮಿಲ್ ದುಕ್ಮ್‌ಗೆ ಹೋಗುವಾಗ ಒಂದು ಮಾತೂ ಹೇಳದೆ ಹೋದ. ಸಿಟ್ಟು ಇರುತ್ತದಲ್ವಾ. ಸರಿಯೇ ಮಾಡಿದ."

ನಡೆದದ್ದು ಹಾಗಲ್ಲ. ರಾಮಿಲ್ ಅಂಕಲ್ ಬಂದಿದ್ದರು. ಪಪ್ಪ ಮಮ್ಮಿ ಇಲ್ಲದ ಒಂದು ಮಧ್ಯಾಹ್ನ, ಕಂಪನಿ ಬಸ್ಸನ್ನು ರಸ್ತೆಯಲ್ಲಿ ನಿಲ್ಲಿಸಿ ಬಂದು ಬಾಗಿಲು ತಟ್ಟಿದರು. ನಾನು ಒಳಗೆ ಉಸಿರು ಹಿಡಿದು ನಿಂತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಕೆಲಸದ ಬೂಟುಗಳು ಕಾಣುತ್ತಿದ್ದವು. ಬಾಗಿಲ ಹೊರಗಿದ್ದ ನನ್ನ ಸ್ಕೂಲ್ ಶೂ ನೋಡಿ ಒಳಗೆ ನಾನಿರುವುದು ಅವರಿಗೆ ತಿಳಿದಿತ್ತು. "ಲಿಟಲ್ ಮೇಡಂ" ಎಂದು ಕರೆದು, ತಮ್ಮ ಒಡಕು ಇಂಗ್ಲಿಷಿನಲ್ಲಿ, ದುಕ್ಮ್‌ಗೆ ಹೊರಟಿದ್ದೇನೆ, ನನಗೆ ಸಿಟ್ಟಿಲ್ಲ ಎಂದು ಪಪ್ಪನಿಗೆ ಹೇಳು ಎಂದರು. ಬಸ್ಸು ಹಾರ್ನ್ ಹೊಡೆಯಿತು. ಇನ್ನೂ ಸ್ವಲ್ಪ ಹೊತ್ತು ನಿಂತು ಹೋದರು. ನಾನು ಪಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬಾಗಿಲು ಏಕೆ ತೆರೆಯಲಿಲ್ಲ ಎಂದು ಕೇಳುತ್ತಿದ್ದರು.

ಅಮೇರಾತ್‌ನ ಅಂಗಳದಲ್ಲಿ ಪಪ್ಪನ ಎದುರು ಕುಳಿತಾಗಲೂ ಹೇಳಲಿಲ್ಲ. ಒಂದು ತಪ್ಪಿಗೆ ಆಗಷ್ಟೇ ಕ್ಷಮೆ ಸಿಕ್ಕಿತ್ತು, ಇನ್ನೊಂದನ್ನು ಮುಂದಿಡುವ ಧೈರ್ಯವಾಗಲಿಲ್ಲ. ಊರಿಗೆ ಹೋದ ಮೇಲೆ ಫೋನಿನಲ್ಲಿ ಹೇಳೋಣ ಎಂದುಕೊಂಡೆ. ಪಪ್ಪ ಊರಿಗೆ ಹೋಗಿ ಎರಡು ತಿಂಗಳಿಗೆ ತೀರಿಕೊಂಡರು. ಗೆಳೆಯನೊಬ್ಬ ತಮ್ಮ ಮೇಲಿನ ಸಿಟ್ಟಿನಲ್ಲೇ ಹೋದನೆಂದು ನಂಬಿಕೊಂಡೇ ಹೋದರು.