ಅಗಲ ಲೆನ್ಸಿನಲ್ಲಿ ಅತ್ತೆಯ ಮಗ್ಗ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಕೋಣೆ ಬಲು ಇಕ್ಕಟ್ಟು. ನನ್ನ ಹಳೆಯ ಲೆನ್ಸಿಗೆ ಅತ್ತೆ ಸಿಕ್ಕರೆ ಮಗ್ಗ ಸಿಗುತ್ತಿರಲಿಲ್ಲ, ಮಗ್ಗ ಸಿಕ್ಕರೆ ಅತ್ತೆ ಸಿಗುತ್ತಿರಲಿಲ್ಲ. ನೇಯುವಾಗ ಕಾಲು ಇಳಿಬಿಡಲು ಮಗ್ಗದ ಕೆಳಗೆ ತೋಡಿದ ಕುಣಿಗೆ ಇಳಿದು ಕೂರುವುದು ಅವರ ಮೊಣಕಾಲಿಗೆ ಸಾಕಾಗಿತ್ತು. ಕೈಯಲ್ಲಿದ್ದ ಸೀರೆ ಮುಗಿಸಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನಲ್ಲಿ ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟು, ಸೋಮವಾರ ಮಗ್ಗ ಬಿಚ್ಚುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಮಗ್ಗ, ಅತ್ತೆ ಎರಡೂ ಇರುವ ಒಂದು ಚಿತ್ರ ನನಗೆ ಬೇಕಿತ್ತು.

ಜಮಖಂಡಿಯಲ್ಲಿ ಸ್ಟುಡಿಯೊ ಇಟ್ಟಿರುವ ಮೈದುನ ಹತ್ತರಿಂದ ಇಪ್ಪತ್ತು ಮಿಲಿಮೀಟರಿನ ಜೂಮ್ ಲೆನ್ಸ್ ಕೊಟ್ಟ; ಅಂಕಿ ಇಳಿದಷ್ಟೂ ನೋಟ ಅಗಲ. "ಎರಡ ದಿನ ಇಟ್ಕೊಂಡ ನೋಡ್ರಿ ವೈನಿ, ಛಲೋ ಅನಿಸಿದ್ರ ತಗೊಳ್ರಿ."

ಭಾನುವಾರ ಮಧ್ಯಾಹ್ನ ಬೀದಿಯ ಪವರ್‌ಲೂಮ್‌ಗಳೆಲ್ಲ ಸುಮ್ಮನಿದ್ದವು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಪಕ್ಕದ ಗೋಡೆಗೆ ಒರಗಿ ಹತ್ತಕ್ಕೆ ತಿರುಗಿಸಿದೆ. ದಿನಾ ಮೊಣಕೈ ತಾಗಿಸಿಕೊಂಡು ಓಡಾಡುವ ಕೋಣೆ ಕಲ್ಯಾಣ ಮಂಟಪದಷ್ಟು ದೊಡ್ಡದಾಗಿ, ಅದರೊಳಗೆ ಯಾರೋ ಬೇರೆಯವರು ವಾಸವಿದ್ದಂತೆ ಕಂಡಿತು.

ಕುಣಿಯಲ್ಲಿ ಕೂತ ಅತ್ತೆಯ ಚಿತ್ರ ತೆಗೆದೆ. ಅವರು ಅದರ ಅಂಚಿನಲ್ಲಿ ಬಾಗಿದ ಎಳೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಹಾಸು ಸಡ್ಲ ಐತಿ. ಯಾರ ಕಟ್ಟ್ಯಾರಬೇ ಇದನ್ನ?"

"ನೀವ ಕಟ್ಟೀರಿ ಅತ್ಯಾರ."

"ನಾ ಹಿಂಗ ಕಟ್ಟಂಗಿಲ್ಲ."

ಎದ್ದು ಹೋಗಿ, ಹಾಸಿನ ತುದಿ ಕಟ್ಟಿದ ಗೂಟದ ಹಗ್ಗ ಜಗ್ಗಿ, ಎಳೆಗಳ ಮೇಲೆ ಅಂಗೈ ಆಡಿಸಿ ಬಂದರು. ಮತ್ತೆ ತೆಗೆದೆ. ಚಿತ್ರದ ಅಂಚಿನ ಎಳೆಗಳು ಮತ್ತೆ ಬಾಗಿದ್ದವು. ನಾನು ಓದಿದ ಕಾನ್ವೆಂಟ್ ಶಾಲೆಯ ಸಿಸ್ಟರ್ ಕೊಟ್ಟಿದ್ದ ಮರದ ಸ್ಕೇಲು ಇನ್ನೂ ನನ್ನ ಬಳಿ ಇದೆ. ಅದನ್ನು ಮೊದಲು ಮಗ್ಗದ ಎಳೆಗಳಿಗೆ, ಆಮೇಲೆ ಕ್ಯಾಮರಾದ ಪರದೆಗೆ ಹಿಡಿದು ತೋರಿಸಿದೆ: ಮಗ್ಗದಲ್ಲಿ ನೇರ, ಚಿತ್ರದಲ್ಲಿ ಮಾತ್ರ ಡೊಂಕು.

"ಹಂಗಾರ ನಿನ್ನ ಕ್ಯಾಮರಾನ ಸಡ್ಲ," ಅಂದರು. ಆಮೇಲೆ ಮೆಲ್ಲಗೆ, "ಇದನ್ನ ಗ್ವಾಡಿಗೆ ಹಾಕಬ್ಯಾಡ. ಮುದುಕಿಗೆ ಹಾಸು ಬಿಗಿಯಾಕ ಬರ್ತಿದ್ದಿಲ್ಲ ಅಂತಾರ ಮಂದಿ."

ಲೆನ್ಸನ್ನು ಹದಿಮೂರಕ್ಕೆ ತಿರುಗಿಸಿದೆ. ಎಳೆ ನೇರವಾಯಿತು, ಆದರೆ ಅತ್ತೆಯ ಅರ್ಧ ಬೆನ್ನು ಹೊರಗುಳಿಯಿತು. ಹತ್ತಕ್ಕೆ ಹಿಂದಿರುಗಿ ಸುಮ್ಮನೆ ಕಣ್ಣಿಟ್ಟು ಸುತ್ತ ನೋಡುತ್ತಿದ್ದಾಗ ಒಂದು ಸಂಗತಿ ಗಮನಕ್ಕೆ ಬಂತು: ಅಂಚಿನಗುಂಟ ಹೋಗುವ ಗೆರೆ ಬಾಗುತ್ತದೆ, ನಡುವಿಗೆ ಬಂದು ಸೇರುವ ಗೆರೆ ಬಾಗುವುದಿಲ್ಲ.

ಕೋಣೆಯ ಆ ತುದಿಗೆ ಹೋಗಿ ಗೂಟದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅತ್ತೆ ಮತ್ತೆ ಕುಣಿಗೆ ಇಳಿದರು. ಅವರನ್ನು ಸರಿಯಾಗಿ ನಡುವೆ ಇಟ್ಟೆ. ನನ್ನ ಮೂಗಿನ ಬಳಿಯಿಂದ ಹೊರಟ ಎಳೆಗಳೆಲ್ಲ ಒಂದೂ ಡೊಂಕಾಗದೆ ಅವರ ಮಡಿಲಿನತ್ತ ಹೋಗುತ್ತಿದ್ದವು.

ತೆಗೆದ ಚಿತ್ರವನ್ನು ಅತ್ತೆ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನನ್ನ ಗುಬ್ಬಿಯಷ್ಟ ಸಣ್ಣ ಮಾಡಿಯಲ್ಲ," ಅಂದರು. ಬೆರಳಿನಿಂದ ಪರದೆಯ ಮೇಲಿನ ಎಳೆಗಳನ್ನು ಒಂದು ಕಡೆಯಿಂದ ಸವರಿದರು, ನಿಜವಾದ ಹಾಸನ್ನು ಸವರುವ ಹಾಗೆಯೇ.

"ಈಗ ಬಿಗಿ ಐತಿ. ಹಾಕು ಗ್ವಾಡಿಗೆ."