ವಹಿಯೊಳಗಿನ ಐದು ತಾಲೂಕು

ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೆ ಐದು ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುವ ರೂಢಿ ಇದೆ. ಒಬ್ಬ ವಿದ್ಯಾರ್ಥಿ ಕಟ್ಟೆಯ ಮೇಲೆ ನಿಂತು ವಹಿ ನೋಡಿ ಪ್ರಶ್ನೆ ಓದಬೇಕು, ಸಾಲಾಗಿ ನಿಂತವರೆಲ್ಲ ಒಟ್ಟಿಗೆ ಉತ್ತರ ಕೂಗಬೇಕು. ದೇಹದ ಅತಿ ದೊಡ್ಡ ಅಂಗ ಯಾವುದು? ಚರ್ಮ! ಜಪಾನಿನ ಹಣಕ್ಕೆ ಏನೆನ್ನುತ್ತಾರೆ? ಯೆನ್! ಗಾಳಿ ಅನುಕೂಲವಾಗಿದ್ದರೆ ತಿಕೋಟಾದ ಬಸ್ ನಿಲ್ದಾಣದಲ್ಲಿ ನಿಂತವರಿಗೂ ಕೇಳಿಸುತ್ತದೆ. ಅಲ್ಲಿನ ಚಹಾದಂಗಡಿಯವನು ಒಂದು ಸಲ, ‘ನಿಮ್ಮ ಸಾಲಿ ದಯಾದಿಂದ ಮನಷ್ಯಾನ ಮೈಯಾಗ ಎಲವು ಎಷ್ಟದಾವು ಅಂತ ನನಗೂ ಬಾಯಿಪಾಠ ಆಗೇತ್ರಿ ಸರ್’ ಅಂದಿದ್ದ. ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಆ ವಹಿ ನನ್ನದು. ನಾನು ಸಮಾಜ ವಿಜ್ಞಾನದ ಮಾಸ್ತರ. ವಿಜಯಪುರದ ಅಥಣಿ ರಸ್ತೆಯ ಒಂದು ಬಡಾವಣೆಯಲ್ಲಿ ಮನೆ, ತಿಕೋಟಾದಲ್ಲಿ ನೌಕರಿ. ಇಪ್ಪತ್ತು ವರ್ಷದ ಮೇಲಾಯಿತು, ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಸೇರಿದ ವರ್ಷವೇ ಇನ್ನೂರು ಪುಟದ ಉದ್ದನೆಯ ವಹಿಯೊಂದನ್ನು ತಂದು, ಕೈಗೆ ಸಿಕ್ಕ ಪುಸ್ತಕಗಳಿಂದ ಪ್ರಶ್ನೋತ್ತರ ಬರೆಯತೊಡಗಿದೆ. ಮಕ್ಕಳು ಅದನ್ನು ನಕಲು ಮಾಡಿಕೊಂಡರು. ಅವರ ತಮ್ಮ ತಂಗಿಯರು ಆ ನಕಲಿನಿಂದ ನಕಲು ಮಾಡಿಕೊಂಡರು. ಈಗ ಊರಲ್ಲಿ ಎಷ್ಟು ಪ್ರತಿಗಳಿವೆಯೋ ದೇವರೇ ಬಲ್ಲ. ನನಗೆ ಅದರ ಬಗ್ಗೆ ಸೊಕ್ಕಿತ್ತು, ಮುಚ್ಚಿಟ್ಟು ಏನು ಮಾಡಲಿ.

ಬರೆದಿಟ್ಟು ಸುಮ್ಮನೆ ಕೂತವನೂ ಅಲ್ಲ. ಗ್ರಹಗಳು ಒಂಬತ್ತಿದ್ದದ್ದು ಎಂಟಾದಾಗ ಸುದ್ದಿ ಓದಿದ ದಿನವೇ ಕೆಂಪು ಪೆನ್ನು ಹಿಡಿದಿದ್ದೆ. ದೇಶದ ರಾಜ್ಯಗಳು ಇಪ್ಪತ್ತೆಂಟಿದ್ದದ್ದು ಇಪ್ಪತ್ತೊಂಬತ್ತಾಗಿ ಮತ್ತೆ ಇಪ್ಪತ್ತೆಂಟಾದಾಗ ಎರಡೂ ಸಲ ತಿದ್ದಿದೆ. ನಮ್ಮ ಜಿಲ್ಲೆಯ ಹೆಸರು ಬಿಜಾಪುರ ಹೋಗಿ ವಿಜಯಪುರ ಆದಾಗ ಪುಟ ಪುಟ ತಿರುವಿ, ಎಲ್ಲೆಲ್ಲಿ ಹಳೆಯ ಹೆಸರಿತ್ತೋ ಅಲ್ಲೆಲ್ಲ ಅಡ್ಡಗೆರೆ ಹೊಡೆದು ಮೇಲೆ ಹೊಸದನ್ನು ಬರೆದೆ. ಆ ಕೆಲಸಕ್ಕೆ ಒಂದಿಡೀ ಭಾನುವಾರ ಹಿಡಿಯಿತು.

ವಹಿಯ ಜೊತೆಗೆ ನನ್ನದೊಂದು ವಿಧಾನವೂ ಇತ್ತು. ಕ್ವಿಜ್‌ನಲ್ಲಿ ಮೊದಲು ಗಂಟೆ ಒತ್ತಿದವರಿಗೇ ಉತ್ತರ ಹೇಳುವ ಹಕ್ಕು. ಆದ್ದರಿಂದ ಯೋಚನೆ ಮಾಡುತ್ತ ಕೂತವರು ಸೋಲುತ್ತಾರೆ ಎಂಬುದು ನನ್ನ ಸಿದ್ಧಾಂತ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಪರ್ಧೆಗೆ ಹೋಗುವ ತಂಡವನ್ನು ಕೂರಿಸಿಕೊಂಡು, ಪ್ರಶ್ನೆ ಓದಿ, ಬೆರಳು ಎತ್ತಿ ಎಣಿಸುತ್ತಿದ್ದೆ. ಮೂರನೆಯ ಬೆರಳು ಏಳುವುದರೊಳಗೆ ಉತ್ತರ ಬರಬೇಕು. ಯಾರಾದರೂ ತಡವರಿಸಿದರೆ, ನಡುವೆ ಏನಾದರೂ ಕೇಳಿದರೆ, ನನ್ನ ಮಾತು ತಯಾರಿರುತ್ತಿತ್ತು: ‘ತಲಿ ಓಡಸಬ್ಯಾಡ. ವಹ್ಯಾಗ ಏನೈತಿ ಅದನ್ನ ಹೇಳು.’ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳು ಅದನ್ನು ಬಲ್ಲರು, ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ನಮ್ಮ ತಂಡದಲ್ಲಿ ಇಬ್ಬರಿದ್ದರು, ಇಬ್ಬರೂ ಒಂಬತ್ತನೆಯ ತರಗತಿ. ಹುಡುಗ ತಿಕೋಟಾದವನೇ. ಹುಡುಗಿ ಹೊನವಾಡದಿಂದ ಬಸ್ಸಿಗೆ ಬರುತ್ತಿದ್ದಳು, ಮನೆಯಲ್ಲಿ ದ್ರಾಕ್ಷಿ ತೋಟ. ಹಿಂದಿನ ವರ್ಷ, ಯಾರಾದರೂ ಕೈಕೊಟ್ಟರೆ ಇರಲಿ ಅಂತ ಅವಳನ್ನೂ ಸ್ಪರ್ಧೆಗೆ ಕರೆದೊಯ್ದಿದ್ದೆ. ಯಾರೂ ಕೈಕೊಡಲಿಲ್ಲ. ಅವಳು ಕೆಳಗೆ ಕುರ್ಚಿಯಲ್ಲಿ ಕುಳಿತು, ಪ್ರತಿ ಪ್ರಶ್ನೆಗೂ ತುಟಿಯಲ್ಲೇ ಉತ್ತರ ಹೇಳಿಕೊಂಡಳು. ಹತ್ತನೆಯವರನ್ನು ಪರೀಕ್ಷೆಯ ಕಾರಣಕ್ಕೆ ನಾವು ಯಾವ ಸ್ಪರ್ಧೆಗೂ ಬಿಡುವುದಿಲ್ಲ. ಹಾಗಾಗಿ ಅವಳಿಗೆ ಸಿಕ್ಕಿದ್ದು ಆ ಒಂದೇ ವರ್ಷ. ಬಬಲೇಶ್ವರದಲ್ಲಿ ನಡೆಯುವ ಸುತ್ತಿನಲ್ಲಿ ಗೆದ್ದ ಒಂದೇ ಶಾಲೆ ವಿಜಯಪುರದ ಜಿಲ್ಲಾ ಸ್ಪರ್ಧೆಗೆ ಹೋಗುತ್ತದೆ. ಅವಳಿಗೆ ಆ ವೇದಿಕೆ ಬೇಕಾಗಿತ್ತು, ಬಾಯಿಬಿಟ್ಟೇ ಹೇಳಿದ್ದಳು.

‘ಒಮ್ಮೆ ವಿಜಯಪುರದಾಗ ಮ್ಯಾಲೆ ಕುಂದರಬೇಕ್ರಿ ಸರ್ ನಾ. ನಮ್ಮ ಆಯಿನ್ನ ಕರಕೊಂಡ ಬರತೀನಂತ ಹೇಳೇನಿ.’

ಆಯಿ ಅಂದರೆ ಅವಳ ಅಜ್ಜಿ. ಸಾಲಿಯ ಮೆಟ್ಟಿಲು ಹತ್ತದ ಹೆಂಗಸು. ಸಂಜೆ ಮೊಮ್ಮಗಳು ವಹಿ ಹಿಡಿದು ಕೂತರೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳಂತೆ.

ಸ್ಪರ್ಧೆ ಒಂದು ಶನಿವಾರ. ನೇರ ಬಸ್ಸಿನ ಹೊತ್ತು ಹೊಂದಲಿಲ್ಲ, ವಿಜಯಪುರಕ್ಕೆ ಹೋಗಿ ಅಲ್ಲಿಂದ ಬಬಲೇಶ್ವರದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಪ್ರಶ್ನೆ ಕೇಳುತ್ತಲೇ ಇದ್ದೆ, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಸ್ಪರ್ಧೆ ಒಂದು ಪ್ರೌಢಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಹಿಂದೆ ಬ್ಯಾನರ್ ಕಟ್ಟಿದ್ದರು, ಕೆಳಗಡೆ ದಪ್ಪ ಅಕ್ಷರದಲ್ಲಿ ‘ತಾ: ಬಬಲೇಶ್ವರ, ಜಿ: ವಿಜಯಪುರ’ ಎಂದಿತ್ತು. ಮಕ್ಕಳು ಅದಕ್ಕೆ ಬೆನ್ನು ಮಾಡಿ ಕುಳಿತಿದ್ದರು. ನಾನು ಅದಕ್ಕೆ ಎದುರಾಗಿ ಮೊದಲ ಸಾಲಿನಲ್ಲಿ ಕುಳಿತಿದ್ದೆ. ಸುಮಾರು ಎರಡು ತಾಸು ಅದನ್ನೇ ನೋಡುತ್ತ ಕುಳಿತಿದ್ದೆ.

ಪ್ರಶ್ನೆ ಕೇಳುವವರು ನಿವೃತ್ತ ಹೆಡ್‌ಮಾಸ್ತರರು, ತಣ್ಣನೆಯ ಮನುಷ್ಯ. ಕೊನೆಯ ಪ್ರಶ್ನೆಯ ಹೊತ್ತಿಗೆ ನಾವೂ ಬಬಲೇಶ್ವರದ ತಂಡವೂ ಸಮವಾಗಿದ್ದೆವು, ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ಅವರು ಚೀಟಿ ತೆಗೆದು ಓದಿದರು: ‘ವಿಜಯಪುರ ಜಿಲ್ಲೆಯಲ್ಲಿ ಈಗ ಎಷ್ಟು ತಾಲೂಕುಗಳಿವೆ?’

ನನಗೆ ಕುಣಿಯುವಷ್ಟು ಖುಷಿಯಾಯಿತು. ವಹಿಯ ಎರಡನೆಯ ಪುಟದ ಪ್ರಶ್ನೆ! ಗಂಟೆ ಒತ್ತಿದವಳೂ ನಮ್ಮ ಹುಡುಗಿಯೇ. ಆದರೆ ಒತ್ತಿದ ಮೇಲೆ ಬಾಯಿ ತೆರೆಯಲಿಲ್ಲ, ನನ್ನ ಕಡೆ ನೋಡಿದಳು. ಈ ಹುಡುಗಿಗೆ ಈಗೇನು ಬಂತು ಅಂತ ನನಗೆ ಸಿಟ್ಟು ಬಂತು. ಅಭ್ಯಾಸದಲ್ಲಿ ಮಾಡುತ್ತಿದ್ದಂತೆಯೇ ಒಂದು ಬೆರಳೆತ್ತಿದೆ, ಎರಡನೆಯದು ಎತ್ತಿದೆ. ಮೂರನೆಯದು ಏಳುವ ಮೊದಲು ಅವಳು ‘ಐದು’ ಅಂದಳು.

‘ತಪ್ಪು’ ಅಂದರು ಹೆಡ್‌ಮಾಸ್ತರರು. ಬಬಲೇಶ್ವರದ ಹುಡುಗರು ‘ಹದಿಮೂರು’ ಅಂದರು. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಸುಮ್ಮನಿರುವ ಜಾಯಮಾನ ನನ್ನದಲ್ಲ.

‘ಅದ್ಹೆಂಗ ತಪ್ಪಾಗತೈತ್ರಿ? ಐದ ಅದಾವು. ಇಪ್ಪತ್ತ ವರ್ಷದಿಂದ ಕಲಸಾಕತ್ತೀನಿ ನಾ.’

‘ಸಿಟ್ಟಾಗಬ್ಯಾಡ್ರಿ ಸರ್. ನೀವು ಯಾವ ತಾಲೂಕಿಂದ ಬಂದೀರಿ?’

‘ತಿಕೋಟಾ ತಾಲೂಕು’ ಅಂದೆ, ಎದೆಯುಬ್ಬಿಸಿ.

‘ಹಂಗಾರ ನಿಮ್ಮ ಐದರಾಗ ತಿಕೋಟಾ ಎಲ್ಲೈತಿ, ಒಂದೀಟು ಎಣಿಸಿ ತೋರಸ್ರಿ.’

ನಾನು ಎಣಿಸಿದೆ ಕೂಡ, ಅದೇ ನೋಡಿ ನನ್ನ ಹಣೆಬರಹ. ಎಲ್ಲರೆದುರು ಬೆರಳು ಮಡಚುತ್ತ ಹೋದೆ. ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಬೆರಳು ಮುಗಿದವು. ನಾನು ಅನ್ನ ತಿನ್ನುವ ತಿಕೋಟಾ ಅದರಲ್ಲಿರಲಿಲ್ಲ, ಆಗ ನಿಂತಿದ್ದ ಬಬಲೇಶ್ವರವೂ ಇರಲಿಲ್ಲ. ಸಭಾಂಗಣವೆಲ್ಲ ನಕ್ಕಿತು. ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ, ನನಗೆ ಕೂರಲು ಕೈಸನ್ನೆ ಮಾಡಿದರು.

ಗೊತ್ತಿರಲಿಲ್ಲವೇ ಅಂತ ಕೇಳಿದರೆ, ಗೊತ್ತಿತ್ತು. ತಿಕೋಟಾ ತಾಲೂಕಾದಾಗ ಶಾಲೆಗೆ ಹೊಸ ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದವನೇ ನಾನು. ಪ್ರತಿ ದಾಖಲೆಯ ಮೇಲೆ ‘ತಾ: ತಿಕೋಟಾ’ ಎಂದು ನನ್ನ ಕೈಯಿಂದಲೇ ಒತ್ತುತ್ತೇನೆ. ಆದರೆ ಹೊಸ ತಾಲೂಕುಗಳು ಒಂದೇ ದಿನ ಆಗಲಿಲ್ಲ. ಇವತ್ತು ಒಂದರ ಸುದ್ದಿ, ಇನ್ನೊಂದು ದಿನ ಇನ್ನೊಂದರ ಸುದ್ದಿ. ಎಲ್ಲ ಮುಗಿಯಲಿ, ಆಮೇಲೆ ಒಟ್ಟಿಗೆ ತಿದ್ದೋಣ ಅಂತ ಬಿಟ್ಟೆ, ಮರೆತೆ. ಆ ಪ್ರಶ್ನೆಯ ಸರದಿ ಬಂದಾಗಲೆಲ್ಲ ಮಕ್ಕಳು ತಿಕೋಟಾ ತಾಲೂಕಿನ ನೆಲದ ಮೇಲೆ ನಿಂತು ‘ಐದು’ ಎಂದು ಕೂಗುತ್ತಿದ್ದರು, ನಾನು ಅವರೆದುರು ಕೈಕಟ್ಟಿ ನಿಂತು ತಲೆಯಾಡಿಸುತ್ತಿದ್ದೆ. ಆಕಾಶದ ಗ್ರಹಗಳನ್ನು ತಿದ್ದಿದವನು ಕಾಲಕೆಳಗಿನದನ್ನು ತಿದ್ದಿರಲಿಲ್ಲ.

ವಿಜಯಪುರದ ಬಸ್ ನಿಲ್ದಾಣದಲ್ಲಿ ತಿಕೋಟಾದ ಬಸ್ಸಿಗೆ ಕಾಯುವಾಗ ಇಬ್ಬರಿಗೂ ಚುರಮುರಿ ಕೊಡಿಸಿದೆ. ಹುಡುಗ ತಿಂದ, ಹುಡುಗಿ ಪೊಟ್ಟಣ ಹಿಡಿದುಕೊಂಡೇ ಕುಳಿತಳು. ನಾನು ಕೇಳಿದೆ, ‘ನಿನಗ ಗೊತ್ತಿದ್ದಿದ್ದಿಲ್ಲೇನವಾ?’

‘ಗೊತ್ತಿತ್ರಿ.’

‘ಮತ್ತ ಐದಂತ ಯಾಕಂದಿ?’

‘ವಹ್ಯಾಗ ಐದೈತೆಲ್ರಿ. ನಮ್ಮಪ್ಪನ ಜೋಡಿ ಇನ್‌ಕಮ್ ಸರ್ಟಿಫಿಕೇಟ್ ತರಾಕ ತಹಶೀಲ್ದಾರ್ ಕಚೇರಿಗೆ ಹೋಗಿದ್ನಿರಿ. ಅಲ್ಲಿ ಗ್ವಾಡಿಗೆ ನಕಾಶಾ ಹಚ್ಚ್ಯಾರ. ನಮ್ಮ ಪಾಳಿ ಬರೂತನಕ ಎಣಿಸಿದ್ನಿ, ಎರಡ ಸಲ. ಮರದಿವ್ಸ ನಿಮಗ ಹೇಳಾಕೂ ಬಂದಿದ್ನೆಲ್ರಿ.’

ನನಗೆ ನೆನಪೇ ಇರಲಿಲ್ಲ. ‘ಆವಾಗ ನಾ ಏನಂದೆ?’ ಅಂತ ಕೇಳಿದೆ.

ಅವಳು ತಲೆ ತಗ್ಗಿಸಿದಳು. ಹೇಳಿದವನು ಹುಡುಗ, ಬಾಯಲ್ಲಿ ಚುರಮುರಿ ಇಟ್ಟುಕೊಂಡೇ: ‘ತಲಿ ಓಡಸಬ್ಯಾಡ ಅಂದ್ರೀ ಸರ್.’

ಅವಳ ವಹಿ ಈಸಿಕೊಂಡು ಎರಡನೆಯ ಪುಟ ತೆಗೆದೆ. ನನ್ನ ಮೂಲ ವಹಿಯಲ್ಲಿದ್ದ ಹಾಗೆಯೇ ಪ್ರಶ್ನೆಯಲ್ಲಿ ‘ವಿಜಯಪುರ’ ಎಂದು ಹೊಸ ಹೆಸರೇ ಇತ್ತು, ಉತ್ತರದ ಜಾಗದಲ್ಲಿ ಹಳೆಯ ಐದೇ ಇತ್ತು. ಅಂದರೆ ಆ ಭಾನುವಾರ ಅದೇ ಸಾಲಿನ ಮೇಲೆ ನನ್ನ ಕೆಂಪು ಪೆನ್ನು ಓಡಾಡಿತ್ತು. ಆಮೇಲೆ ನಾನು ಅಲ್ಲಿಗೆ ಮರಳಿ ಬಂದೇ ಇರಲಿಲ್ಲ. ಅವಳ ಐದರ ಪಕ್ಕದಲ್ಲಿ ಕಾಗದ ಸವೆದು ತೆಳ್ಳಗಾಗಿತ್ತು. ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಿಂದ ಒರೆಸಿದ್ದಳು. ಬೆಳಕಿಗೆ ಹಿಡಿದರೆ ಹದಿಮೂರು ಇನ್ನೂ ಕಾಣುತ್ತಿತ್ತು.

‘ಈಗ ನಮ್ಮ ಆಯಿಗೆ ಏನಂತ ಹೇಳಲ್ರಿ ಸರ್?’ ಅಂದಳು. ನಾನು ವಹಿ ಮುಚ್ಚಿ ಅವಳ ಕೈಗೆ ಕೊಟ್ಟು, ಬಸ್ಸು ಬಂತೇನೋ ನೋಡುವ ನೆಪದಲ್ಲಿ ಎದ್ದು ಹೋದೆ. ಆ ದಿನದ ನಗು ನಾನು ಮರೆತರೂ ಮರೆತೇನು, ಆ ಪ್ರಶ್ನೆಯ ನಾಚಿಕೆ ಹೋಗಿಲ್ಲ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಪ್ರಶ್ನೆ ಓದಲು ನಾನೇ ಕಟ್ಟೆ ಹತ್ತಿದೆ. ಒಂದೇ ಪ್ರಶ್ನೆ ಕೇಳಿದೆ, ತಾಲೂಕಿನದು. ಇಡೀ ಶಾಲೆ ‘ಐದು!’ ಎಂದು ಕೂಗಿತು, ಎಂದಿಗಿಂತ ಜೋರಾಗಿ. ನಾನು ಅಂದೆ, ‘ತಪ್ಪು. ಹದಿಮೂರು. ತಪ್ಪು ನಿಮ್ಮದಲ್ಲ, ನಂದು. ನಮ್ಮ ತಂಡದ ಹುಡುಗಿಗೆ ಗೊತ್ತಿತ್ತು, ಹೇಳಾಕ ಬಂದಾಕೀನ್ನ ಬಾಯಿ ಮುಚ್ಚಿಸಿದವ ನಾನು. ಆಕಿ ಸೋತಿಲ್ಲ, ನಾ ಸೋಲಿಸೇನಿ.’ ಹುಡುಗಿ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದಳು. ನಾನು ಹೇಳಿದ್ದರಿಂದ ಅವಳಿಗೆ ವಿಜಯಪುರದ ವೇದಿಕೆಯೇನೂ ಸಿಗಲಿಲ್ಲ.

ಜಿಲ್ಲಾ ಸ್ಪರ್ಧೆಯ ದಿನ ಬಬಲೇಶ್ವರದ ಹುಡುಗರು ಆ ವೇದಿಕೆಯ ಮೇಲಿದ್ದರು, ಅವಳು ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿದ್ದಳು. ಪಾಠದಲ್ಲಿ ನಮ್ಮ ಕಡೆಯ ಡೋಣಿ ನದಿಯ ಮಾತು ಬಂತು. ಅದು ಹುಟ್ಟುವ ಊರಿನ ಹೆಸರನ್ನು ವಹಿ ನೋಡದೆಯೇ ಹಲಗೆಯ ಮೇಲೆ ಬರೆದೆ. ಅವಳು ಕೈಯೆತ್ತಿದಳು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು:

‘ಸರ್, ಇದು ಖರೇನ ಐತೇನ್ರಿ, ಇಲ್ಲಾ ವಹ್ಯಾಗ ಅಷ್ಟ ಐತೇನ್ರಿ?’

ತರಗತಿ ನನ್ನ ಸಿಟ್ಟಿಗೆ ಕಾದು ಕುಳಿತಿತ್ತು. ನಾನು ಆ ಊರು ಕಂಡವನಲ್ಲ, ಎಲ್ಲಿಂದ ಬರೆದುಕೊಂಡಿದ್ದೆ ಎಂಬುದೂ ನೆನಪಿಲ್ಲ. ‘ಗೊತ್ತಿಲ್ಲವಾ. ನೋಡಿ ನಾಳೆ ಹೇಳತೀನಿ’ ಅಂದೆ.

ಅವಳು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು, ಆ ಊರಿನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು.