ಸಂತನ ಪೀಠದ ಕೆಳಗಿನ ರಟ್ಟು

ಮೈಸೂರಿನಿಂದ ಅಮೆರಿಕಕ್ಕೆ ಬಂದು ನೇಪರ್‌ವಿಲ್‌ನ ಮಗಳ ಮನೆಯಲ್ಲಿ ಬೇಸತ್ತು ಕೂತಿದ್ದ ನನ್ನ ಸ್ನೇಹಿತೆಯ ಅಮ್ಮನನ್ನು, ಒಂದು ಶನಿವಾರ, ಹತ್ತಿರದ ಚಿಕ್ಕ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಫಿಲಿಪೀನ್ಸ್ ಮೂಲದ ನಿವೃತ್ತ ನರ್ಸ್ ಒಬ್ಬರು ಸಂಬಳವಿಲ್ಲದೆ ಕಲಾಕೃತಿಗಳನ್ನು ತೋರಿಸುತ್ತಿದ್ದರು. ಹಿಂದೆ ಡೆಟ್ರಾಯ್ಟ್ ಕಡೆಯೂ ಇದೇ ಕೆಲಸ ಮಾಡಿದ್ದರಂತೆ. ಮೊದಲು ಸ್ಪೇನಿನ ಹಳೆಯ ಚಿತ್ರವೊಂದರಲ್ಲಿ ಸಂತನನ್ನು ತೋರಿಸಿ, ಅದೇ ಸಂತ ಫಿಲಿಪೀನ್ಸಿನ ಮರಗೆತ್ತನೆಯಲ್ಲಿ ಹೇಗೆ ಬದಲಾದ ಎನ್ನುವುದನ್ನು ಪಕ್ಕದ ಕೋಣೆಯಲ್ಲಿ ತೋರಿಸುವುದು ಅವರ ಕ್ರಮ.

"ನನ್ನ ಈ ಶನಿವಾರದ ಸುತ್ತನ್ನ ಇನ್ನೂ ಪರೀಕ್ಷೆಗೆ ಅಂತ ಬಿಟ್ಟಿದ್ದಾರೆ. ಏನಾದರೂ ಎಡವಟ್ಟಾದರೆ ನಿಲ್ಲಿಸಿಬಿಡ್ತಾರೆ," ಎಂದು ನಕ್ಕರು.

ಎರಡನೆಯ ಕೋಣೆಯಲ್ಲಿ ಆಳೆತ್ತರದ ಮರದ ಸಂತ. ಗಾಜಿಲ್ಲ, ಸುತ್ತ ಮೊಣಕಾಲೆತ್ತರದ ಹಗ್ಗ ಮಾತ್ರ. ಪಕ್ಕದಲ್ಲೇ ಕಾವಲುಗಾರ. ಗುಂಪಿನಲ್ಲಿ ಸೀರೆ ಉಟ್ಟವರು ಆಂಟಿ ಒಬ್ಬರೇ. ಕಾವಲುಗಾರನ ಕಣ್ಣು ನಮ್ಮ ಮೇಲೇ ಇದೆ ಅನ್ನಿಸಿತು.

"ಯಾಕೇ ಹಂಗ್ ನೋಡ್ತಾನೆ? ನಾವೇನು ದೇವರನ್ನ ಸೆರಗಲ್ಲಿ ಕಟ್ಕೊಂಡು ಹೋಗ್ತೀವಾ?" ಎಂದರು ಆಂಟಿ.

"ಸುಮ್ನಿರಿ ಆಂಟಿ."

"ನಮ್ಮ ಊರಲ್ಲಿ ಕರವಸ್ತ್ರದಿಂದ ಸಂತನ ಪಾದ ಒರೆಸಿ ಮುಖಕ್ಕೆ ಒತ್ತಿಕೊಳ್ಳುತ್ತಾರೆ," ಎಂದು ಆ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

"ನಮ್ಮ ಹಾಗೇ ಅನ್ನು!"

ಯಾರೋ ಕಾವಲುಗಾರನನ್ನು ಶೌಚಾಲಯ ಎಲ್ಲಿ ಎಂದು ಕೇಳಿದರು. ಅವನು ತಿರುಗಿದ. ಅಷ್ಟರಲ್ಲಿ ಆಂಟಿ ಹಗ್ಗ ದಾಟಿ, ಸೆರಗಿನ ತುದಿಯಿಂದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಪೀಠಕ್ಕೆ ಹಣೆ ಇಟ್ಟರು. ಪೀಠ ವಾಲಿತು. ಸಂತನ ಎದೆ ಅವರ ಬಿಳಿ ತಲೆಯ ಮೇಲೆ ಬರುತ್ತಿರುವುದು ಕಾಣುತ್ತಿತ್ತು. ಕಾವಲುಗಾರ ಹಾರಿ ಬಂದು ಹೆಗಲು ಕೊಟ್ಟ. ಆಂಟಿ ಪಕ್ಕಕ್ಕೆ ಬಿದ್ದರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ.

ಎತ್ತಲು ಬಗ್ಗಿದಾಗ ಕಂಡಿತು. ಪೀಠದ ಒಂದು ಮೂಲೆಯಿಂದ ಮಡಿಸಿದ ರಟ್ಟಿನ ತುಂಡು ಜಾರಿ ಹೊರಬಂದಿತ್ತು, ಅಡುಗೆಮನೆಯ ಮೇಜು ಅಲ್ಲಾಡದಂತೆ ನಾವು ಸಿಕ್ಕಿಸುವಂಥದ್ದು. ಕಾವಲುಗಾರ ಕಾಯುತ್ತಿದ್ದದ್ದು ನಮ್ಮನ್ನಲ್ಲ, ಈ ಅಲ್ಲಾಡುವ ಪೀಠವನ್ನು.

ಮೇಲಧಿಕಾರಿ ಬಂದವಳೇ ಆ ಹೆಂಗಸನ್ನು ಕೇಳಿದಳು: "ಮುಟ್ಟಲು ಹೇಳಿದ್ದು ನೀವೇನಾ?"

"ಅವರದೇನೂ ತಪ್ಪಿಲ್ಲ ಅನ್ನೇ. ಮುಟ್ಟಿದ್ದು ನಾನು. ಆದ್ರೆ ತಳ್ಳಲಿಲ್ಲ ಕಣೇ, ಹಣೆ ಇಟ್ಟೆ ಅಷ್ಟೆ," ಎಂದರು ಆಂಟಿ.

ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಪೀಠದ ಕೆಳಗೆ ರಟ್ಟಿದೆ ನೋಡಿ ಎಂದೆ. ಎಲ್ಲರೂ ಬಗ್ಗಿದರು. ನೆಲ ಚೊಕ್ಕಟವಾಗಿತ್ತು, ರಟ್ಟು ಇರಲಿಲ್ಲ. ಕಾವಲುಗಾರನ ಒಂದು ಕೈ ಸಂತನ ಭುಜದ ಮೇಲಿತ್ತು. ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ.

ಆಂಟಿ ಈಗ ಫೋನಿನಲ್ಲಿ ಎಲ್ಲರಿಗೂ "ದೇವರೇ ತಬ್ಕೊಳ್ಳೋಕೆ ಬಂದ" ಎಂದು ನಗುತ್ತಾರೆ. ನನ್ನ ಕಣ್ಣೊಳಗೆ ಆ ಸಂತ ಇನ್ನೂ ಬೀಳುತ್ತಲೇ ಇದ್ದಾನೆ. ಪ್ರತಿ ಸಲವೂ ಆ ಕೈ ಜೇಬಿಗೆ ಯಾವಾಗ ಹೋಯಿತು ಎಂದು ಹುಡುಕುತ್ತೇನೆ. ಅದು ಮಾತ್ರ ಕಾಣುವುದಿಲ್ಲ.

ಆ ಹೆಂಗಸಿನ ಶನಿವಾರಗಳನ್ನು ನಿಲ್ಲಿಸಿದ್ದಾರೆ. ನಿನ್ನೆ ಅವರು ಫೋನ್ ಮಾಡಿದ್ದರು: "ರಟ್ಟು ನಿಜವಾಗಿ ನೋಡಿದೆಯಾ? ಮ್ಯೂಸಿಯಂನವರ ಮುಂದೆ ನಿನ್ನ ಹೆಸರಲ್ಲಿ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಆಂಟಿಯ ತಲೆ ಉಳಿಸಿದವನ ಕೆಲಸ ಇದರಿಂದ ಹೋಗಬಹುದು. ಆದರೂ ಹೇಳುತ್ತೇನೆ ಎಂದೆ.